ಅಪ್ಪನಿಗೂ ಓದಿ ಹೇಳು

ವಾಷಿಂಗ್ಟನ್
ಏಪ್ರಿಲ್ 2

ಪ್ರೀತಿಯ ಅಮ್ಮ,

ನಮಸ್ಕಾರ. ನಾವು ಮೂವರೂ ಇಲ್ಲಿ ಚೆನ್ನಾಗಿದ್ದೇವೆ. ಶೇಷಗಿರಿ ಮಾವನ ಮಗ ಭಾನುವಾರ ಮನೆಗೆ ಬಂದು ನೀನು ಕಳಿಸಿದ ಕಟ್ಟು ಕೊಟ್ಟು ಹೋದ. ಹಲಸಿನ ಹಪ್ಪಳ ಒಂದೂ ಮುರಿದಿಲ್ಲ. ಮಿಡಿ ಉಪ್ಪಿನಕಾಯಿ ಸೋರಿಲ್ಲ. ಹಪ್ಪಳದ ಅಡಿಯಲ್ಲಿ ನಿನ್ನ ಕಾಗದ ಸಿಕ್ಕಿತು. "ಫೋನ್ ಮಾಡುವಾಗ ಅಪ್ಪ ಪಕ್ಕದಲ್ಲೇ ಇರುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ" ಅಂತ ಮೊದಲ ಸಾಲು ನೋಡಿದ್ದೇ ನನ್ನ ಎದೆ ಧಸಕ್ ಅಂತು. ಶುಗರ್ ಇರುವ ಅಪ್ಪನ ಅಂಗಾಲಲ್ಲಿ ಗಾಯ!

ಅವತ್ತೇ ಪ್ರಸಾದನಿಗೆ ಫೋನ್ ಮಾಡಿದೆ. ಅವನು ಮಂಗಳೂರಿನಿಂದ ಬಂದು ಆಸ್ಪತ್ರೆಗೆ ಕರೆದರೂ ಅಪ್ಪ ಹೊರಡಲಿಲ್ಲವಂತೆ. "ನೋವೇ ಇಲ್ಲದ ಗಾಯಕ್ಕೆ ಎಂತ ಡಾಕ್ಟ್ರು?" ಅಂದರಂತೆ. ಅದಕ್ಕೇ ಈ ಕಾಗದ. ಪೋಸ್ಟಿಗೆ ಹಾಕಿದರೆ ತಲುಪುವುದು ಯಾವಾಗಲೋ. ಫೋಟೋ ತೆಗೆದು ಪ್ರಸಾದನಿಗೆ ಕಳಿಸುತ್ತೇನೆ, ಅವನು ಪ್ರಿಂಟ್ ತೆಗೆದು ತಂದು ಕೊಡುತ್ತಾನೆ. ಅಪ್ಪ ಫೋನಿನಲ್ಲಿ ಹೇಳಿದ್ದನ್ನು ಅಲ್ಲಿಗೇ ಬಿಡುತ್ತಾರೆ, ಕಾಗದದಲ್ಲಿ ಇದ್ದದ್ದನ್ನು ಎರಡು ಸಲ ಓದುತ್ತಾರೆ. ಇದನ್ನು ನೀನು ಮುಚ್ಚಿಡಬೇಡ. ಅವರ ಎದುರೇ ಓದು.

ಮೊದಲು ಅಪ್ಪ ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಬರುವ ವರ್ಷ ನೀವಿಬ್ಬರೂ ಇಲ್ಲಿಗೆ ಬರುವುದು ಮಾರ್ಚ್ ಕೊನೆಗೇ ಆಗಬೇಕು. ಯಾಕೆ ಆಗಲೇ ಬರಬೇಕು, ಮೇ ತಿಂಗಳಲ್ಲಿ ಬಂದರೆ ಆಗುವುದಿಲ್ಲವಾ ಅಂತ ಅಪ್ಪ ಕೇಳಿದ್ದರು. ಆಗುವುದಿಲ್ಲ. ಚೆರ್ರಿ ಹೂ ಅಷ್ಟು ದಿನ ಕಾಯುವುದಿಲ್ಲ. ನಮ್ಮಲ್ಲಿ ಮುಂಗಾರು ಕೇರಳಕ್ಕೆ ಬಂತಾ ಅಂತ ದಿನಾ ವಾರ್ತೆಯಲ್ಲಿ ಹೇಳುವ ಹಾಗೆ ಇಲ್ಲಿ ಹೂವಿನ ಸುದ್ದಿ ಹೇಳುತ್ತಾರೆ. ಮೊಗ್ಗು ಹಸಿರಾಗಿದೆ, ಈಗ ತೊಟ್ಟು ಉದ್ದವಾಗಿದೆ, ಈಗ ಬಿಳಿಯಾಗಿ ಉಬ್ಬಿದೆ ಅಂತ ಒಂದೊಂದೇ ಹಂತ. ಯೋಶಿನೋ ಅನ್ನುವ ಜಾತಿಯ ಮರಗಳಲ್ಲಿ ನೂರಕ್ಕೆ 70 ಹೂ ಅರಳಿದ ದಿನ 'ಪೂರ್ತಿ ಅರಳಿತು' ಅಂತ ಪಾರ್ಕ್ ಇಲಾಖೆಯವರೇ ಸಾರುತ್ತಾರೆ. ಹೆಚ್ಚಾಗಿ ಮಾರ್ಚ್ ಕೊನೆ, ಇಲ್ಲ ಏಪ್ರಿಲ್ ಮೊದಲ ವಾರ. ಆಮೇಲೆ ಕೆಲವೇ ದಿನ. ಒಂದು ಗಾಳಿ ಮಳೆ ಬಂದರೆ ಎಲ್ಲ ನೆಲದ ಮೇಲೆ.

ಹೋದ ವಾರ ನಾವು ಅದಿತಿಯನ್ನು ಕರೆದುಕೊಂಡು ಹೋಗಿದ್ದೆವು. ಮೆಟ್ರೋದಲ್ಲಿ ಸ್ಮಿತ್‌ಸೋನಿಯನ್ ಸ್ಟೇಷನ್‌ಗೆ ಇಳಿದು ಸ್ವಲ್ಪ ನಡೆದರೆ ಟೈಡಲ್ ಬೇಸಿನ್ ಅಂತ ದೊಡ್ಡ ಕೆರೆ. ಪೊಟೋಮ್ಯಾಕ್ ನದಿಯ ನೀರೇ ಅದರೊಳಗೆ ಬರುತ್ತದೆ. ಸುತ್ತಲೂ ಮರ. ಕೊಂಬೆ ಬಗ್ಗಿ ನೀರಿಗೆ ತಾಗುವ ಹಾಗಿದೆ. ಹೂವು ದೂರದಿಂದ ಬೆಳ್ಳಗೆ, ಹತ್ತಿರ ಹೋದರೆ ಬುಡದಲ್ಲಿ ಒಂಚೂರು ಗುಲಾಬಿ. ಎಲೆ ಇನ್ನೂ ಬಂದಿರುವುದಿಲ್ಲ, ಕಪ್ಪು ಕೊಂಬೆಯ ತುಂಬ ಬರೀ ಹೂವೇ. ನೀನು ಮೊದಲು ಕೇಳುವುದು ಗೊತ್ತು ಅಮ್ಮ, ಹಣ್ಣು ಬಿಡುತ್ತದಾ ಅಂತ. ತಿನ್ನುವ ಹಣ್ಣು ಬಿಡುವುದಿಲ್ಲ. ಪರಿಮಳವೂ ಅಷ್ಟಕ್ಕಷ್ಟೇ. ನಮ್ಮ ಶಂಕರಪುರ ಮಲ್ಲಿಗೆಯ ಒಂದು ಮೊಳದ ಎದುರು ಇಡೀ ಕೆರೆದಂಡೆ ನಿಲ್ಲುವುದಿಲ್ಲ. ಆದರೆ ನೋಡಲು ಇದರಷ್ಟು ಚಂದದ್ದು ನಾನು ಬೇರೆ ಕಂಡಿಲ್ಲ. ಮತ್ತೆ ಕೊಂಬೆ ಮುರಿಯುವ ಹಾಗಿಲ್ಲ, ಹೂ ಕೀಳುವ ಹಾಗಿಲ್ಲ. ಬೆಳಗ್ಗೆ ಬುಟ್ಟಿ ಹಿಡಿದು ದೇವರಿಗೆ ಹೂ ಕೊಯ್ಯುವ ನಿನ್ನನ್ನು ಅಲ್ಲಿ ನಾನು ಕೈ ಹಿಡಿದುಕೊಂಡೇ ನಡೆಸಬೇಕು.

ಅಪ್ಪನಿಗೆ ಇಸವಿ ಬೇಕು. ಮರ ಕೊಟ್ಟದ್ದು ಜಪಾನಿನವರು. 1910ರಲ್ಲಿ ಮೊದಲು 2,000 ಸಸಿ ಬಂದದ್ದು. ಪರೀಕ್ಷೆ ಮಾಡಿದರೆ ಎಲ್ಲಕ್ಕೂ ಹುಳ, ರೋಗ. ಬೇರೆ ಮರಗಳಿಗೂ ಹರಡೀತು ಅಂತ ಅಷ್ಟನ್ನೂ ಸುಟ್ಟರು. ಟೋಕಿಯೋದ ಮೇಯರ್ ಯುಕಿಯೋ ಒಜಾಕಿ ಬೇಸರ ಮಾಡಿಕೊಳ್ಳದೆ 1912ರಲ್ಲಿ ಮತ್ತೆ 3,020 ಸಸಿ ಕಳಿಸಿದರು. ಆ ವರ್ಷ ಮಾರ್ಚ್ 27ಕ್ಕೆ ಮೊದಲ ಸಸಿ ನೆಟ್ಟದ್ದು ಅಧ್ಯಕ್ಷ ಟಾಫ್ಟ್ ಅವರ ಹೆಂಡತಿ. ಆದರೆ ಇದಕ್ಕೆಲ್ಲ ಮೂಲ ಎಲೈಜಾ ಸಿಡ್‌ಮೋರ್ ಅನ್ನುವ ಒಬ್ಬ ಹೆಂಗಸು. ಜಪಾನಿನಲ್ಲಿ ಈ ಹೂ ನೋಡಿ ಬಂದು, ಇದನ್ನು ಇಲ್ಲಿ ನೆಡಿ ಅಂತ 24 ವರ್ಷ ಅಧಿಕಾರಿಗಳ ಬೆನ್ನು ಬಿಡಲಿಲ್ಲ. ಅಮ್ಮ, ಅಪ್ಪನ ಕಾಲಿನ ವಿಷಯದಲ್ಲಿ ನಿನಗೂ ಅಷ್ಟೇ ಹಠ ಬರಲಿ. ಆದರೆ 24 ವರ್ಷ ಅಲ್ಲ, 24 ಗಂಟೆಯೂ ಕಾಯಬೇಡ.

ಆ ಕೆರೆಗೆ ಒಂದು ಸುತ್ತು ಬಂದರೆ ಮೂರು ಕಿಲೋಮೀಟರಿಗಿಂತ ಜಾಸ್ತಿ. ನಡೆಯುವಾಗ ನನಗೆ ಅಪ್ಪನ ಕಾಲೇ ಕಣ್ಣ ಮುಂದೆ. ದಡದಲ್ಲಿ ಒಂದು ಕಡೆ ಬೇಲಿ ಹಾಕಿ ಗೋಡೆಯ ಕೆಲಸ ಮಾಡಿದ್ದಾರೆ. ಹಳೆಯ ತಡೆಗೋಡೆ ಕುಸಿದು, ದಿನಾ ಉಬ್ಬರದ ಹೊತ್ತಿಗೆ ನೀರು ಕಾಲುದಾರಿಗೇ ಬರುತ್ತಿತ್ತು. ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ಕಲ್ಲು ಹಾಕುತ್ತಾರಲ್ಲ, ಇಲ್ಲಿಯೂ ಅದೇ ಪಾಡು. ಗೋಡೆ ಹೊಸದಾಗಿ ಕಟ್ಟಲು 2024ರಲ್ಲಿ ಸುಮಾರು 150 ಚೆರ್ರಿ ಮರ ಕಡಿದರು. ಅದರಲ್ಲಿ ಒಂದು ಗಿಡ್ಡ ಮರಕ್ಕೆ ಜನ 'ಸ್ಟಂಪಿ' ಅಂತ ಹೆಸರಿಟ್ಟಿದ್ದರು. ಕಾಂಡ ಪೂರ್ತಿ ಟೊಳ್ಳು, ಆದರೂ ಉಳಿದ ನಾಲ್ಕಾರು ಕೊಂಬೆಯಲ್ಲಿ ಹೂ ಬಿಡುತ್ತಿತ್ತು. ಕಡಿಯುತ್ತಾರೆ ಅಂತ ಗೊತ್ತಾದಾಗ ಜನ ಬಂದು ಅದರ ಬುಡದಲ್ಲಿ ಹೂಗುಚ್ಛ ಇಟ್ಟು ಹೋದರು. ಅದರ ಗೆಲ್ಲು ತೆಗೆದು ಹೊಸ ಸಸಿ ಮಾಡಲು ಕೊಟ್ಟಿದ್ದಾರೆ. ಮರಕ್ಕಾದರೆ ಗೆಲ್ಲು ನೆಟ್ಟರೆ ಆಯಿತು. ಅಪ್ಪಾ, ಕಾಲಿಗೆ ಅದಾಗುವುದಿಲ್ಲ.

ಈಗ ಅದಕ್ಕೇ ಬರುತ್ತೇನೆ.

ಅಮ್ಮ, ನೀನು ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ಬಲಗಾಲಿನ ಅಂಗಾಲಲ್ಲಿ, ಹೆಬ್ಬೆರಳ ಬುಡದಲ್ಲಿ, ಒಂದು ರೂಪಾಯಿಯಷ್ಟು ಅಗಲ. ನೆಲ ಕಾವಿ ಬಣ್ಣದ್ದಾದ್ದರಿಂದ ರಕ್ತ ಯಾರಿಗೂ ಕಾಣಲಿಲ್ಲ, ಹಾಸಿಗೆಯ ಬಿಳಿ ಹೊದಿಕೆ ಒಗೆಯಲು ತೆಗೆದಾಗ ಗೊತ್ತಾಯಿತು ಅಂತ ಬರೆದಿದ್ದೀಯ. ಅಪ್ಪನಿಗೇ ಗೊತ್ತಿರಲಿಲ್ಲ. ಅಷ್ಟು ದೊಡ್ಡ ಗಾಯ ಆದರೂ ಗೊತ್ತಾಗಲಿಲ್ಲ ಅಂದರೆ ಅದೇ ಹೆದರಬೇಕಾದ ಮಾತು. ಶುಗರ್ ತುಂಬ ವರ್ಷ ಇದ್ದರೆ ಕಾಲಿನ ನರ ಮಂಕಾಗುತ್ತದೆ. ಮುಳ್ಳು ಚುಚ್ಚಿದರೂ, ಕಾದ ಕಲ್ಲು ಸುಟ್ಟರೂ ತಿಳಿಯುವುದಿಲ್ಲ. ರಕ್ತ ಓಡಾಟವೂ ಕಮ್ಮಿಯಾದರೆ ಗಾಯ ಮಾಯುವುದಿಲ್ಲ, ಮೇಲೆ ಒಣಗಿದ ಹಾಗೆ ಕಂಡರೂ ಒಳಗೊಳಗೇ ಕೀವಾಗುತ್ತದೆ. ನೋವಿಲ್ಲ ಅಂತ ಅಪ್ಪ ಧೈರ್ಯ ಹೇಳುತ್ತಾರೆ, ನನಗೆ ಆ ಮಾತೇ ನಿದ್ದೆಗೆಡಿಸುತ್ತಿದೆ. ದೊಡ್ಡಪ್ಪನದೂ ಹೀಗೇ ಅಲ್ವಾ ಶುರುವಾದದ್ದು? ಅವರೂ ಹೀಗೇ ಹೇಳುತ್ತಿದ್ದರು. ಎರಡು ಬೆರಳು ಹೋದ ಮೇಲೆ ಎಲ್ಲರೂ ಓಡಿದ್ದು.

ಅಪ್ಪಾ, ಕೈ ಮುಗಿದು ಕೇಳುತ್ತೇನೆ. ಕಡಿಯಾಳಿಯಿಂದ ಕೃಷ್ಣ ಮಠದವರೆಗೆ ಬರಿಗಾಲಲ್ಲಿ ಹೋಗುವುದು ನಿಮ್ಮ ಎಷ್ಟೋ ವರ್ಷದ ನೇಮ. ಅದನ್ನು ಬಿಡಿ ಅಂತ ಹೇಳಲು ನನಗೂ ಸಂಕಟವಾಗುತ್ತದೆ. ಆದರೆ ಈ ಬಿಸಿಲಿಗೆ ರಥಬೀದಿ ಹೇಗೆ ಕಾಯುತ್ತದೆ ಅಂತ ನನಗೆ ಗೊತ್ತಿಲ್ಲವಾ? ಗಾಯ ಮಾಯುವವರೆಗೆ ಮನೆಯ ದೇವರಿಗೇ ಕೈ ಮುಗಿಯಿರಿ. ಕೃಷ್ಣ ಎಲ್ಲಿಗೂ ಹೋಗುವುದಿಲ್ಲ. ಕನಕನಿಗೆ ಅವನೇ ತಿರುಗಿ ದರ್ಶನ ಕೊಟ್ಟ ಊರು ನಮ್ಮದು.

ಅಮ್ಮ, ಅರಿಶಿನ ಎಣ್ಣೆ ಮೆತ್ತುವುದು ಇವತ್ತೇ ನಿಲ್ಲಿಸು. ಹಳೆ ಪಂಚೆಯ ತುಂಡು ಕಟ್ಟುವುದೂ ಬೇಡ. ಬಿಸಿನೀರಿನಲ್ಲಿ ಕಾಲಿಡಲು ಬಿಡಬೇಡ, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಸುತ್ತಲಿನ ಗಟ್ಟಿ ಚರ್ಮವನ್ನು ಬ್ಲೇಡಿನಿಂದ ಕೆರೆಯುವುದಂತೂ ಬೇಡವೇ ಬೇಡ. ಕೆಂಪು ಮೇಲೇರಿದರೆ, ವಾಸನೆ ಬಂದರೆ, ಜ್ವರ ಬಂದರೆ ಬೆಳಗಾಗುವುದನ್ನು ಕಾಯಬೇಡಿ, ರಾತ್ರಿಯಾದರೂ ರಿಕ್ಷಾ ಮಾಡಿ ಹೊರಡಿ. ಮಣಿಪಾಲದ ಆಸ್ಪತ್ರೆ ಎಷ್ಟು ದೂರ ಉಂಟು!

ಪ್ರಸಾದ ಶುಕ್ರವಾರಕ್ಕೆ ಹೇಳಿಟ್ಟಿದ್ದಾನೆ. ಅಲ್ಲಿ ಎಂತ ಮಾಡುತ್ತಾರೆ ಅಂತ ಅಪ್ಪನಿಗೆ ಭಯ ಇರಬಹುದು, ಹೇಳುವುದಿಲ್ಲ ಅಷ್ಟೇ. ಒಂದು ತೆಳು ನೈಲಾನ್ ಎಳೆ ಅಂಗಾಲಿಗೆ ತಾಗಿಸಿ ಗೊತ್ತಾಗುತ್ತದಾ ಅಂತ ಕೇಳುತ್ತಾರೆ. ಪಾದದ ನಾಡಿ ನೋಡುತ್ತಾರೆ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತಪರೀಕ್ಷೆ ಮಾಡುತ್ತಾರೆ. ಬೇಕಾದರೆ ಎಕ್ಸ್‌ರೇ. ಗಾಯ ಶುಚಿ ಮಾಡಿ ಡ್ರೆಸ್ಸಿಂಗ್ ಹಾಕುತ್ತಾರೆ, ಆ ಕಾಲಿನ ಮೇಲೆ ಭಾರ ಹಾಕಬೇಡಿ ಅನ್ನುತ್ತಾರೆ. ಎಂಸಿಆರ್ ಚಪ್ಪಲಿ ಕೇಳಿ ತೆಗೆದುಕೊಳ್ಳಿ, ಮೆತ್ತಗಿನ ರಬ್ಬರಿನದ್ದು, ಮನೆಯೊಳಗೂ ಅದನ್ನೇ ಹಾಕಬೇಕು. ಒಳಗೆ ಚಪ್ಪಲಿಯಾ ಅಂತ ನೀನು ಮುಖ ಸಿಂಡರಿಸಬೇಡ. ಒಂದು ಜೊತೆ ಒಳಗಿಗೇ ಬೇರೆ ಇಡು, ಮೈಲಿಗೆಯ ಪ್ರಶ್ನೆ ಬರುವುದಿಲ್ಲ. ಆಮೇಲೆ ದಿನಾ ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡುವುದು ನಿನ್ನ ಕೆಲಸ.

ಖರ್ಚಿನ ಮಾತು ಬರೆದಿದ್ದೀಯ. ದಯವಿಟ್ಟು ಇನ್ನೊಮ್ಮೆ ಬರೆಯಬೇಡ. ಪ್ರಸಾದನ ಖಾತೆಗೆ ಹಣ ಹಾಕಿದ್ದೇನೆ, ಸಾಲದಿದ್ದರೆ ಮತ್ತೆ ಹಾಕುತ್ತೇನೆ. ನಮಗೆ ಇಲ್ಲಿ ಏನೇನೂ ತೊಂದರೆ ಇಲ್ಲ. ಇವರ ಕೆಲಸ ಗಟ್ಟಿಯಾಗಿ ಉಂಟು. ನನ್ನದೂ ಉಂಟು. ಅಮೆರಿಕದ್ದು ಅಂತ ಟಿವಿಯಲ್ಲಿ ತೋರಿಸಿದ್ದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ. ವಿಡಿಯೋ ಕಾಲ್‌ನಲ್ಲಿ ಇವರ ಕಣ್ಣು ಕೆಂಪಗೆ ಕಂಡಿತು ಅಂತ ಕೇಳಿದ್ದಿ. ಅದು ಜ್ವರ ಅಲ್ಲ. ಈ ತಿಂಗಳು ಇಲ್ಲಿ ಮರಗಳ ಪರಾಗ ಹಾರುತ್ತದೆ, ಕಾರಿನ ಮೇಲೆಲ್ಲ ಹಳದಿ ಪುಡಿ ಕೂರುತ್ತದೆ. ಅರ್ಧ ಊರೇ ಸೀನುತ್ತಿದೆ. ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಈಗ ಆರಾಮ.

ಅದಿತಿಯ ಸುದ್ದಿ ಬರೆಯದಿದ್ದರೆ ನೀನು ಬಿಡುವುದಿಲ್ಲ. ವಾಷಿಂಗ್ಟನ್ ಸ್ಮಾರಕ ಅಂತ 555 ಅಡಿಯ ಕಲ್ಲಿನ ಕಂಬ ಉಂಟಲ್ಲ, ಅದರ ಬುಡದ ಬಯಲಿನಲ್ಲಿ ಈ ಹೂವಿನ ಹಬ್ಬಕ್ಕೆ ಎಲ್ಲರೂ ಗಾಳಿಪಟ ಹಾರಿಸುತ್ತಾರೆ. ಅವಳೂ ಒಂದು ಮೀನಿನ ಆಕಾರದ್ದು ಹಾರಿಸಿದಳು. ಈಸ್ಟರ್ ಮರುದಿನ ಸೋಮವಾರ ಅಧ್ಯಕ್ಷರ ಮನೆಯ ಹುಲ್ಲಿನ ಮೇಲೆ ಮಕ್ಕಳಿಗೆ ಮೊಟ್ಟೆ ಉರುಳಿಸುವ ಆಟ. ತಿನ್ನುವುದಲ್ಲ ಅಮ್ಮ, ಉದ್ದ ಸೌಟಿನಲ್ಲಿ ತಳ್ಳಿಕೊಂಡು ಓಡುವುದು. 1878ರಿಂದ ನಡೆದುಬಂದಿದೆ. ಟಿಕೆಟ್ ಲಾಟರಿಯಲ್ಲಿ ಬರುತ್ತದೆ, ಹೆಸರು ಹಾಕಿದ್ದೆವು, ಬರಲಿಲ್ಲ. ಅವಳು ಮುನಿಸಿಕೊಂಡು ಮನೆಯಲ್ಲಿ ಪಿಂಗ್‌ಪಾಂಗ್ ಚೆಂಡು ಉರುಳಿಸುತ್ತಿದ್ದಾಳೆ.

ಬರುವ ವರ್ಷ ನೀವು ಬಂದಾಗ ಎಲ್ಲ ತೋರಿಸುತ್ತೇನೆ. ಸ್ಮಿತ್‌ಸೋನಿಯನ್‌ನ ಮ್ಯೂಸಿಯಂಗಳಿಗೆ ಇಲ್ಲಿ ಟಿಕೆಟ್ ಇಲ್ಲ, ಒಂದು ಪೈಸೆ ಇಲ್ಲ. ಅಮೆರಿಕವನ್ನು ಕಣ್ಣಿಂದಲೂ ನೋಡದ ಜೇಮ್ಸ್ ಸ್ಮಿತ್‌ಸನ್ ಅನ್ನುವ ಇಂಗ್ಲಿಷ್ ವಿಜ್ಞಾನಿ ಬಿಟ್ಟುಹೋದ ಆಸ್ತಿಯಿಂದ 1846ರಲ್ಲಿ ಶುರುವಾದದ್ದು. ಕಾಲು ನೋವಿದ್ದವರಿಗೆ ಒಳಗೆ ಗಾಲಿಕುರ್ಚಿಯನ್ನೂ ಸುಮ್ನೆ ಕೊಡುತ್ತಾರೆ, ನಿನ್ನ ಮಂಡಿಗೆ ಅನುಕೂಲ. ನಮ್ಮ ರಾಯಭಾರ ಕಚೇರಿಯ ಎದುರು ಗಾಂಧೀಜಿ ನಡೆಯುವ ಪ್ರತಿಮೆ ಉಂಟು, 2000ನೇ ಇಸವಿಯಲ್ಲಿ ವಾಜಪೇಯಿ ಬಂದಾಗ ಅನಾವರಣ ಮಾಡಿದ್ದು. ಅಪ್ಪ ಅಲ್ಲಿ ಫೋಟೋಗೆ ನಿಲ್ಲಬೇಕು. ನೀವು ಒಂದು ವಾರ ತಡವಾದರೂ ಚಿಂತೆಯಿಲ್ಲ, ಕ್ವಾನ್ಜಾನ್ ಅನ್ನುವ ಇನ್ನೊಂದು ಜಾತಿ ಸ್ವಲ್ಪ ತಡವಾಗಿ, ದಟ್ಟ ಗುಲಾಬಿಯಾಗಿ ಅರಳುತ್ತದೆ. ಆದರೆ ಇದೆಲ್ಲ ನಡೆದು ನೋಡುವ ಊರು. ಡಾಕ್ಟರು ಸರಿ ಅನ್ನದೆ ನಾನು ವಿಮಾನದ ಟಿಕೆಟ್ ತೆಗೆಯುವುದಿಲ್ಲ. ಇದು ಅಪ್ಪನಿಗೆ ಹೇಳಿದ್ದು.

ಬಿಸು ಹಬ್ಬ ಹತ್ತಿರ ಬಂತು. ಕಣಿ ಇಡಲು ಈ ಸಲ ಅಪ್ಪನನ್ನು ತೋಟಕ್ಕೆ ಕಳಿಸಬೇಡ. ಸೌತೆಕಾಯಿ, ಗೇರುಹಣ್ಣು, ಮಾವು ಎಲ್ಲ ಪ್ರಸಾದನೇ ತರಲಿ. ನಾನೂ ಇಲ್ಲಿ ಸಿಕ್ಕಿದ್ದರಲ್ಲಿ ಇಡುತ್ತೇನೆ.

ಮತ್ತೆ ಹೇಳುತ್ತೇನೆ, ನೀನು ಹೆದರಬೇಡ. ಈಗಲೇ ಹೋದರೆ ಇದು ಪೂರ್ತಿ ಗುಣವಾಗುವಂಥದ್ದು. ನಾನು ಹೆದರಿಲ್ಲ. ಅದಿತಿಯ ಬಸ್ ಬರುವ ಹೊತ್ತಾಯಿತು, ಕೆಳಗೆ ಹೋಗಬೇಕು. ಶುಕ್ರವಾರ ಮಣಿಪಾಲದಿಂದ ಬಂದ ಕೂಡಲೇ ಫೋನ್ ಮಾಡಿಸು, ಇಲ್ಲಿ ಎಷ್ಟು ಹೊತ್ತಾಗಿದ್ದರೂ ಸರಿ, ನಾನು ಎದ್ದೇ ಇರುತ್ತೇನೆ. ರಿಪೋರ್ಟಿನ ಎಲ್ಲ ಹಾಳೆಯ ಫೋಟೋ ಕಳಿಸಲು ಪ್ರಸಾದನಿಗೆ ಹೇಳು, ಒಂದನ್ನೂ ಬಿಡುವುದು ಬೇಡ. ಶಾರದತ್ತೆಗೆ ಬೇರೆ ಬರೆಯುತ್ತೇನೆ.

ಇತಿ,
ನಿನ್ನ ಮಗಳು
ಸುಮಾ