ಮಳೆ ಪುಸ್ತಕದ ಖಾಲಿ ಪುಟಗಳು: ಮಗಳಿಗೊಂದು ಪತ್ರ

ಮೂಡಿಗೆರೆ

ಚಿರಂಜೀವಿ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಬೆಂಗಳೂರಿನಲ್ಲಿ ರಾತ್ರಿ ಜೋರು ಮಳೆ ಹಿಡಿದರೆ ಅದರ ಸದ್ದು ಕೇಳಬಾರದೆಂದು ಫ್ಯಾನನ್ನು ಐದಕ್ಕೆ ತಿರುಗಿಸಿ, ಕಿವಿಗೆ ದಿಂಬು ಒತ್ತಿಕೊಂಡು ಮಲಗುತ್ತೇನೆ ಎಂದು ಮೊನ್ನೆ ಫೋನಿನಲ್ಲಿ ನಗುತ್ತಾ ಹೇಳಿದೆ. ಆ ನಗುವನ್ನು ನಾನು ನಂಬಲಿಲ್ಲ. ಎದುರಿಗೆ ಆಡಲಾಗದ ಮಾತು ಕಾಗದದಲ್ಲಾದರೂ ಬಂದೀತೆಂದು ಬರೆಯುತ್ತಿದ್ದೇನೆ.

2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಗುಡ್ಡಗಳು ಜಾರಿ, ಮಲೆಮನೆಯಂಥ ಊರುಗಳಲ್ಲಿ ಮನೆ ತೋಟಗಳು ಮಣ್ಣುಪಾಲಾಗಿ, ಚಾರ್ಮಾಡಿ ಘಾಟಿಯ ಸಂಚಾರವೇ ನಿಂತುಹೋದಾಗ ನಿನಗೆ ಹದಿನಾಲ್ಕು ವರ್ಷ. ನಮಗೆ ಹೋದದ್ದು ಕೊಟ್ಟಿಗೆ, ಎರಡು ಹಸು, ಮುಕ್ಕಾಲು ಎಕರೆ ಕಾಫಿ. ಪ್ರಾಣ ಉಳಿಯಿತಲ್ಲ ಎಂದು ಬಂದವರೆಲ್ಲ ಹೇಳಿದರು, ನಾನೂ ಹೇಳಿದೆ. ನೀನು ಅತ್ತಾಗ ‘ನಾಲ್ಕು ಜನ ನೋಡುತ್ತಾರೆ, ಧೈರ್ಯವಾಗಿರು’ ಎಂದು ಗದರಿದವನೂ, ನೆಂಟರ ಮುಂದೆ ಆ ರಾತ್ರಿಯ ಕಥೆಯನ್ನು ನಿನ್ನಿಂದಲೇ ಮತ್ತೆ ಮತ್ತೆ ಹೇಳಿಸಿದವನೂ ನಾನೇ. ಆಘಾತವಾದವರನ್ನು ಒತ್ತಾಯಿಸಿ ಮಾತಾಡಿಸಬಾರದು, ಅವರಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು, ಊಟ, ನಿದ್ದೆ ಮತ್ತು ಹತ್ತಿರದವರ ಆಸರೆ ಮೊದಲು ಸಿಗಬೇಕು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ನಿನಗೆ ಹೇಳದ ಸಂಗತಿಯೊಂದಿದೆ. ನಿನ್ನ ಅಜ್ಜ ಆರಂಭಿಸಿದ ಮಳೆ ಪುಸ್ತಕವನ್ನು ತೆಗೆದು ನೋಡು. ದಿನಾ ಬೆಳಿಗ್ಗೆ ಇಂಚಿನ ಲೆಕ್ಕ ಬರೆದಿಡುವ ಆ ಪುಸ್ತಕದಲ್ಲಿ ಆ ಆಗಸ್ಟ್‌ನಿಂದ ಮುಂದಿನ ಒಂದೂವರೆ ವರ್ಷ ಏನೂ ಇಲ್ಲ. ಮಳೆ ಮಾಪಕದ ಹತ್ತಿರ ಹೋಗಲು ನನಗೆ ಕಾಲೇ ಬರುತ್ತಿರಲಿಲ್ಲ. ರಾತ್ರಿ ಮೂರು ಸಲ ಎದ್ದು ಟಾರ್ಚ್ ಹಿಡಿದು, ಮನೆ ಹಿಂದಿನ ಧರೆ ಬಿರುಕು ಬಿಟ್ಟಿದೆಯೇ ಎಂದು ನೋಡಿ ಬರುತ್ತಿದ್ದೆ. ಕಾಫಿ ಮಾರುವ ಕೆಲಸವಿದೆಯೆಂದು ನಾನು ನಿನಗೆ ಸುಳ್ಳು ಹೇಳಿದೆ, ನಿನ್ನ ಅಮ್ಮ ನನ್ನನ್ನು ಚಿಕ್ಕಮಗಳೂರಿನ ಮನೋವೈದ್ಯರೊಬ್ಬರ ಬಳಿಗೆ ಕರೆದೊಯ್ದಳು. ಆ ಸುಳ್ಳೇ ನಾನು ಮಾಡಿದ ದೊಡ್ಡ ತಪ್ಪು. ಅಪ್ಪನಿಗೂ ಹೀಗಾಗುತ್ತದೆಂದು ಗೊತ್ತಿದ್ದರೆ ನೀನು ಇಷ್ಟು ವರ್ಷ ಒಬ್ಬಳೇ ನುಂಗಿಕೊಳ್ಳುತ್ತಿರಲಿಲ್ಲ.

ಅಪಾಯವನ್ನು ಗುರುತಿಸುವ ಮಿದುಳಿನ ಭಾಗಕ್ಕೆ ತಾರೀಖು ತಿಳಿಯುವುದಿಲ್ಲ ಎಂದು ಆ ವೈದ್ಯರು ವಿವರಿಸಿದರು. ಒಮ್ಮೆ ಚಿರತೆಯ ಬಾಯಿಂದ ತಪ್ಪಿಸಿಕೊಂಡ ನಮ್ಮ ಕರಿಯ ಆಮೇಲೆ ತರಗೆಲೆ ಸರಿದರೂ ಬೊಗಳುತ್ತಿದ್ದ, ನೆನಪಿದೆಯೇ? ಅವನನ್ನು ಹೊಡೆದು ಸುಮ್ಮನಾಗಿಸಲು ಆಗಲಿಲ್ಲ. ಹೆಚ್ಚಿನವರಿಗೆ ಇಂಥ ದಿಗಿಲು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ತಿಂಗಳು ದಾಟಿಯೂ ನಿದ್ದೆ, ಓದು, ಕೆಲಸಗಳನ್ನು ಕೆಡಿಸುತ್ತಿದ್ದರೆ ಅದಕ್ಕೆ ಚಿಕಿತ್ಸೆ ಬೇಕು, ಚಿಕಿತ್ಸೆ ಇದೆ ಕೂಡ. ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತದೆಂದು ಅವರು ಹೇಳಿದಾಗ ನನಗೆ ಸಿಟ್ಟೇ ಬಂದಿತ್ತು. ಮೊದಲು ತುಂತುರು ಮಳೆಯಲ್ಲಿ ಹತ್ತು ನಿಮಿಷ ಜಗಲಿಯಲ್ಲಿ ಕೂರುವುದು, ಎದೆ ಹೊಡೆದುಕೊಂಡರೆ ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುವುದು, ವಾರಗಳ ನಂತರ ಮಾಪಕದವರೆಗೆ ನಡೆಯುವುದು, ಹೀಗೆ ಅವರು ಹೇಳಿದ ಕ್ರಮದಲ್ಲೇ ಸಾಗಿದೆ. ಪೂರ್ತಿ ಹೋಗಿಲ್ಲ. ಕಳೆದ ವರ್ಷವೂ ಒಂದು ರಾತ್ರಿ ಟಾರ್ಚ್ ಹಿಡಿದು ಹೊರಟೆ, ಆದರೆ ಮರುದಿನ ಬೆಳಿಗ್ಗೆ ಪುಸ್ತಕದಲ್ಲಿ ಲೆಕ್ಕ ಬರೆದೆ. ಹಾಗೆಂದು ರೆಡ್ ಅಲರ್ಟ್ ದಿನ ಮನೆಯಲ್ಲೇ ಕೂತು ಶೌರ್ಯ ತೋರಿಸುವುದಿಲ್ಲ. ಬಾಗಿಲು ಹಾಕಿ ನಿನ್ನ ದೊಡ್ಡಮ್ಮನ ಮನೆಗೆ ಹೋಗುತ್ತೇವೆ.

ನೀನಿರುವ ಊರಿನಲ್ಲೇ ನಿಮ್ಹಾನ್ಸ್ ಇದೆ. ರಾತ್ರಿ ತಡೆಯಲಾಗದಿದ್ದರೆ 14416ಕ್ಕೆ ಕರೆ ಮಾಡು. ಅದು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರನ್ನು ಕಾಣುವ ದಿನ ಗೊತ್ತಾದ ಕೂಡಲೇ ತಿಳಿಸು, ಹಿಂದಿನ ರಾತ್ರಿಯ ಬಸ್ಸಿಗೆ ಹೊರಡುತ್ತೇನೆ. ನೀನು ಕರೆಯದೆ ಒಳಗೆ ಬರುವುದಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಅಮ್ಮ ಕಳಲೆ ಉಪ್ಪಿನಕಾಯಿ ಕಟ್ಟಿ ಇಟ್ಟಿದ್ದಾಳೆ, ಅದನ್ನೂ ತರುತ್ತೇನೆ.

ನಿನ್ನ ಅಪ್ಪ