ಹಬ್ಬ ಬೇರೆ ಬೇರೆ ಬಂದರೂ ಕೂಡಿ ಕೂರೋಣ

ಮಾನ್ಯ ಸಂಪಾದಕರೇ,

ನಾನು ಶಾಮಿಯಾನ ಮತ್ತು ಲೈಟಿಂಗ್ ಕೆಲಸ ಮಾಡುವವನು. ಮುಸಲ್ಮಾನ. ನಮ್ಮ ಓಣಿಯ ಸಾರ್ವಜನಿಕ ಗಣಪತಿಗೆ ಮೊದಲು ಅಪ್ಪ ಪೆಂಡಾಲ್ ಹಾಕುತ್ತಿದ್ದರು. ಅವರ ಕಾಲಾನಂತರ ನಾನು ಹಾಕುತ್ತಿದ್ದೇನೆ.

ಮೊನ್ನೆ ಗಣಪತಿ ಮಂಡಳಿಯ ಹುಡುಗರು ಅಡ್ವಾನ್ಸ್ ಕೊಡಲು ಬಂದಿದ್ದರು. ‘ಚಾಚಾ, ಈ ವರ್ಷ ಗಣಪತಿ, ಮಿಲಾದ್ ಎರಡೂ ಹಬ್ಬ ಒಟ್ಟಿಗಿಲ್ಲ. ಹಾಗಾಗಿ ಜಂಟಿ ಸಭೆ ಇಟ್ಟಿಲ್ಲ’ ಅಂದರು. ನಮ್ಮ ಮಿಲಾದ್ ಕಮಿಟಿಯವರನ್ನು ಕೇಳಿದೆ. ಅವರದೂ ಅದೇ ಮಾತು. ಮನಸ್ಸಿಗೆ ಬೇಜಾರಾಯಿತು. ಅದಕ್ಕೇ ಈ ಪತ್ರ.

ಈ ಹಬ್ಬಗಳು ಒಟ್ಟಿಗೆ ಬರುವುದು, ಬೇರೆಯಾಗುವುದು ಎಲ್ಲ ಚಂದ್ರನ ಲೆಕ್ಕ. ಗಣಪತಿ ಬರುವುದು ಭಾದ್ರಪದದ ಚೌತಿಗೆ. ಮಿಲಾದ್ ರಬೀವುಲ್ ಅವ್ವಲ್ ತಿಂಗಳ ಹನ್ನೆರಡಕ್ಕೆ. ಪಂಚಾಂಗದಲ್ಲಿ ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸುತ್ತಾರೆ, ನಮ್ಮ ಹಿಜರಿ ಕ್ಯಾಲೆಂಡರಿನಲ್ಲಿ ಸೇರಿಸುವುದಿಲ್ಲ. ಹಿಜರಿ ವರ್ಷಕ್ಕೆ ಸುಮಾರು 354 ದಿನ. ಹಾಗಾಗಿ ನಮ್ಮ ಹಬ್ಬ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತಾ ಹೋಗುತ್ತದೆ. 2018ರಿಂದ 2020ರವರೆಗೆ ಗಣಪತಿಯ ಜೊತೆಗೆ ಮೊಹರಂ ಬಂತು. 2020ರಲ್ಲಿ ಕೋವಿಡ್ ಇದ್ದದ್ದರಿಂದ ನಮ್ಮಲ್ಲಿ ಎರಡೂ ಸದ್ದಿಲ್ಲದೆ ಮುಗಿದವು. ಆಮೇಲೆ 2023, 2024, 2025ರಲ್ಲಿ ಮಿಲಾದ್ ಬಂತು. ಆ ವರ್ಷಗಳಲ್ಲಿ ಎರಡೂ ಕಡೆಯವರು ನೋಡುತ್ತಿದ್ದದ್ದು ಒಂದೇ ಚಂದ್ರ. ಈ ಸಲ, ಅಂದರೆ 2026ರಲ್ಲಿ, ಅಧಿಕ ಜ್ಯೇಷ್ಠ ಬಂದಿದ್ದರಿಂದ ಚೌತಿ ಸೆಪ್ಟೆಂಬರ್ 14ಕ್ಕೆ ಹೋಗಿದೆ. ಮಿಲಾದ್ ಆಗಸ್ಟ್ ಕೊನೆಗೇ ಬರುತ್ತದೆ.

2023 ನನಗೆ ಚೆನ್ನಾಗಿ ನೆನಪಿದೆ. ಅನಂತ ಚತುರ್ದಶಿ ಮತ್ತು ಮಿಲಾದ್ ಎರಡೂ ಸೆಪ್ಟೆಂಬರ್ 28ಕ್ಕೇ ಬಿದ್ದವು. ಮುಂಬೈಯಲ್ಲಿ ಗಣಪತಿ ವಿಸರ್ಜನೆಗೆ ಅಡ್ಡಿಯಾಗಬಾರದು ಅಂತ ಮುಸ್ಲಿಂ ಮುಖಂಡರು ತಮ್ಮ ಮೆರವಣಿಗೆಯನ್ನು ಮರುದಿನಕ್ಕೆ ಹಾಕಿಕೊಂಡರು. ನಮ್ಮ ಓಣಿಯದು ಬೇರೆಯೇ ಫಜೀತಿ. ನನ್ನ ಹತ್ತಿರ ಇದ್ದದ್ದೇ ನಲವತ್ತು ಸೀರಿಯಲ್ ಲೈಟ್ ಸೆಟ್. ಇಬ್ಬರಿಗೂ ಅವೇ ಬೇಕು. ಬಿಚ್ಚಿ ಮತ್ತೆ ಕಟ್ಟಲು ಟೈಮಿಲ್ಲ. ಎರಡೂ ಕಮಿಟಿಯವರನ್ನು ನಮ್ಮ ಗೋಡೌನ್ ಮುಂದೆ ಕೂರಿಸಿದೆ. ಚಹಾ ಮುಗಿಯುವಷ್ಟರಲ್ಲಿ ಇತ್ಯರ್ಥವಾಯಿತು. ನೆಟ್ಟ ಗಳ ಕೀಳುವುದು ಬೇಡ, ಕಟ್ಟಿದ ಸರ ಬಿಚ್ಚುವುದು ಬೇಡ, ಎದುರಿನ ಬಟ್ಟೆ ಮಾತ್ರ ಬದಲಿಸೋಣ ಅಂದರು. ಬಾಡಿಗೆ ಅರ್ಧರ್ಧ. ಗಣಪತಿ ಹೊರಟ ರಾತ್ರಿ ಮಂಡಳಿಯ ಹುಡುಗರೇ ಏಣಿ ಹಿಡಿದುಕೊಂಡು ನಿಂತರು, ನಮ್ಮ ಹುಡುಗರು ಮೇಲೆ ಹತ್ತಿದರು. ಸುಟ್ಟ ಬಲ್ಬ್ ಹುಡುಕುತ್ತಾ ಬೆಳಗಿನ ಜಾವ ಮೂರಾಯಿತು. ಆ ಹುಡುಗರಲ್ಲಿ ಎಷ್ಟೋ ಮಂದಿಗೆ ಅಲ್ಲಿಯವರೆಗೆ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಒಂದೇ ಓಣಿ, ನೋಡಿ!

ಪೂಜೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮ ಪೆಂಡಾಲಿನಲ್ಲಿ ಮಂಗಳಾರತಿ ಹೊತ್ತಿಗೆ ಲೈಟೆಲ್ಲ ಆರಿಸುವ ರೂಢಿ ಇದೆ. ಕರ್ಪೂರದ ಬೆಳಕಿನಲ್ಲೇ ಗಣಪತಿಯ ಮುಖ ಕಾಣಬೇಕು ಅಂತ. ನಾನು ಕೈ ಮುಗಿಯುವುದಿಲ್ಲ. ಅದು ನನ್ನ ನಂಬಿಕೆ. ಇಷ್ಟು ವರ್ಷದಲ್ಲಿ ಓಣಿಯವರು ಯಾರೂ ಯಾಕೆ ಅಂತ ಕೇಳಿಲ್ಲ. ಆದರೆ ಆ ಹೊತ್ತಿಗೆ ಮೈನ್ ಸ್ವಿಚ್ ಮೇಲೆ ನನ್ನದೇ ಕೈ ಇರುತ್ತದೆ. ಗಂಟೆ ನಿಂತ ತಕ್ಷಣ ಎತ್ತುತ್ತೇನೆ. ಇಡೀ ಓಣಿ ಒಮ್ಮೆಗೇ ಬೆಳಗುತ್ತದೆ, ಮಕ್ಕಳು ಕೂಗುತ್ತವೆ. ಪ್ರತಿ ವರ್ಷ ಆ ಗಳಿಗೆಗೆ ನನಗೆ ಮೈ ಜುಮ್ಮೆನ್ನುತ್ತದೆ. ಕೂಡಿ ಹಬ್ಬ ಮಾಡುವುದು ಅಂದರೆ ನನಗೆ ಇಷ್ಟೇ ಅರ್ಥ. ಎಲ್ಲರೂ ಒಂದೇ ರೀತಿ ಪೂಜೆ ಮಾಡಬೇಕಂತಿಲ್ಲ. ಎಲ್ಲರಿಗೂ ಒಂದು ಕೆಲಸ ಇರಬೇಕು.

ಹಾಗಂತ ಎಲ್ಲ ಸಲೀಸಾಗಿದೆ ಅಂತಲ್ಲ. ಬೇರೊಂದು ಬಡಾವಣೆಯವರು ನನ್ನ ಜಾತಿ ನೋಡಿ ಬುಕಿಂಗ್ ವಾಪಸ್ ತೆಗೆದುಕೊಂಡಿದ್ದಾರೆ. ನಮ್ಮವರೇ ಒಬ್ಬರು ‘ಮೂರ್ತಿ ಮುಂದೆ ಯಾಕೆ ದೀಪ ಹಾಕುತ್ತೀ’ ಅಂತ ಮುಖ ತಿರುಗಿಸಿದ್ದಾರೆ. ಎರಡೂ ನೋವಾಗಿವೆ.

ಮೈಸೂರು ದಸರಾವನ್ನು 2017ರಲ್ಲಿ ಕವಿ ನಿಸಾರ್ ಅಹಮದ್ ಅವರು, 2025ರಲ್ಲಿ ಲೇಖಕಿ ಬಾನು ಮುಷ್ತಾಕ್ ಅವರು ಉದ್ಘಾಟಿಸಿದರು. ಹಿಂದೂ ಅಲ್ಲದವರು ಉದ್ಘಾಟಿಸಬಾರದು ಅಂತ ಬಾನು ಮೇಡಂ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು, ಅಲ್ಲಿ ಆಕ್ಷೇಪ ನಿಲ್ಲಲಿಲ್ಲ. ಟಿವಿಯಲ್ಲಿ ಅವರು ಚಾಮುಂಡಿ ಬೆಟ್ಟದಲ್ಲಿ ನಿಂತಿದ್ದನ್ನು ನೋಡಿ ನನ್ನ ಹೆಂಡತಿ ಕಣ್ಣೊರೆಸಿಕೊಂಡಳು. ದೊಡ್ಡ ವೇದಿಕೆಯಲ್ಲಿ ಅದು ಆಗಲೇಬೇಕು. ಆದರೆ ನಮ್ಮ ಊರುಗಳ ಸೌಹಾರ್ದ ಕಾರ್ಯಕ್ರಮಕ್ಕೆ ಕುರ್ಚಿ ಹಾಕುವವನೂ ನಾನೇ. ಹಾರ, ಶಾಲು, ಭಾಷಣ, ಫೋಟೋ. ಈ ಕಡೆಯವರು ಈ ಸಾಲಿನಲ್ಲಿ, ಆ ಕಡೆಯವರು ಆ ಸಾಲಿನಲ್ಲಿ. ಹಾಕಿದಷ್ಟು ಕುರ್ಚಿ ತುಂಬುವುದೂ ಇಲ್ಲ. ಠಾಣೆಯ ಶಾಂತಿ ಸಭೆಯಲ್ಲೂ ಅಷ್ಟೇ. ಜಗಳ ಆದರೆ ಏನು ಮಾಡಬೇಕು ಅನ್ನುವುದೇ ಅಲ್ಲಿಯ ಮಾತು. ಹಬ್ಬದ ಮಾತು ಬರುವುದೇ ಇಲ್ಲ.

ಭಯ ಇದ್ದ ವರ್ಷ ಕೂಡಿ ಕುಳಿತೆವು, ಭಯ ಇಲ್ಲದ ವರ್ಷ ಬೇಡವಾಯಿತು ಅಂದರೆ ಹೇಗೆ? ನಿಜ ಹೇಳಬೇಕೆಂದರೆ ಈಗಲೇ ಪುರುಸೊತ್ತು ಜಾಸ್ತಿ. ಮಿಲಾದ್ ಮುಗಿದು ಚೌತಿ ಬರುವ ನಡುವೆ ಎರಡು ವಾರಕ್ಕೂ ಜಾಸ್ತಿ ಸಿಗುತ್ತದೆ. ಮಂಡಳಿಯವರು ನಮ್ಮ ಹುಡುಗರಿಗೆ ಮೊದಲೇ ಹೇಳಲಿ. ವಿಸರ್ಜನೆಯ ದಿನ ದಾರಿ ನೋಡಿಕೊಳ್ಳುವುದು, ನೀರು ಕೊಡುವುದು, ಊಟ ಬಡಿಸುವುದು, ಯಾವುದಾದರೂ ಆಗಲಿ. ನಮ್ಮ ಕಮಿಟಿಯವರೂ ಮಿಲಾದ್‌ಗೆ ಅವರನ್ನು ಹಾಗೆಯೇ ಕರೆಯಲಿ. ಬೇರೆ ಊರುಗಳ ಮಂಡಳಿಯವರೂ ಇದನ್ನು ಓದಿ ಯೋಚಿಸಿದರೆ ಸಂತೋಷ.

ನಮ್ಮ ಓಣಿಯವರು ಸಭೆಗೆ ಜಾಗ ಇಲ್ಲ ಅನ್ನುವುದು ಬೇಡ. ಆಗಸ್ಟ್ ಕೊನೆಯ ಭಾನುವಾರ ಸಂಜೆ ಗೋಡೌನ್ ಮುಂದೆ ಕುರ್ಚಿ ಹಾಕಿರುತ್ತೇನೆ. ಮಳೆ ಬಂದರೆ ತಾಡಪತ್ರಿ ಇದೆ. ಚಹಾ ನಮ್ಮ ಮನೆಯಿಂದ.

ಇಂತಿ ನಿಮ್ಮ ಓದುಗ,
ಒಬ್ಬ ಶಾಮಿಯಾನ ಅಂಗಡಿಯವ