ಚುಕ್ಕಿ ಹೋದ ಮೇಲೆ ಮಗಳಿಗೊಂದು ಪತ್ರ

ಪುಟ್ಟೀ,

ಎದುರಿಗೆ ಕೂತು ಹೇಳೋಣ ಅಂತ ಎರಡು ಸಲ ನಿನ್ನ ರೂಮ್ ಬಾಗಿಲ ತನಕ ಬಂದೆ, ಆಗ್ಲಿಲ್ಲ. ನೀನು ಗೋಡೆ ಕಡೆ ತಿರುಗಿ ಮಲಗಿದ್ದೆ, ನಿದ್ದೆ ಬಂದಿಲ್ಲ ಅಂತ ಗೊತ್ತು, ಆದ್ರೂ ಮಾತಾಡಿಸೋಕೆ ಗಂಟಲು ಕಟ್ಟಿತು. ಅದಕ್ಕೇ ಬರೀತಿದೀನಿ.

ನಮ್ಮ ಕೋಳಿ ಚುಕ್ಕಿ ಸತ್ತಿದ್ದಕ್ಕೆ ನಿನ್ನೆ ಅಮ್ಮನ ಹತ್ರ ನೀನು ಹೇಳಿದ್ದು ಕೇಳಿಸ್ತು. "ದಿನಾ ಕಾಳು ಹಾಕೋಳು ನಾನೇ, ನಂಗೇ ಗೊತ್ತಾಗ್ಲಿಲ್ಲ" ಅಂದ್ಯಲ್ಲ. ಸುಳ್ಳು ಕಣೇ ಅದು. ನಿಂಗೆ ಗೊತ್ತಾಗಿತ್ತು. ಹತ್ತು ದಿನದ ಹಿಂದೆ ಅಂಗೈ ಮೇಲೆ ಒಂದು ಮೊಟ್ಟೆ ಇಟ್ಕೊಂಡು ಓಡಿ ಬಂದಿದ್ದೆ, ನೆನಪಿದ್ಯಾ? ಚಿಪ್ಪೇ ಇಲ್ಲ, ಬರೀ ಪೊರೆ, ನೀರು ತುಂಬಿದ ಬಲೂನ್ ಥರ ತುಳುಕ್ತಿತ್ತು, ಬೆರಳಿಟ್ರೆ ತಗ್ಗು ಬೀಳ್ತಿತ್ತು. ನಾನು ಫೋನಿಂದ ತಲೆ ಎತ್ತದೇ "ಕ್ಯಾಲ್ಸಿಯಂ ಕಮ್ಮಿ ಆಗಿರುತ್ತೆ, ಚಿಪ್ಪು ಪುಡಿ ಮಾಡಿ ಹಾಕು" ಅಂದೆ. ನೀನು ಹಾಕಿದೆ ಕೂಡ. ಆಮೇಲೆ ಒಂದಿನ "ಅಪ್ಪಾ, ಚುಕ್ಕಿ ಬಾಲ ಇಳಿಬಿಟ್ಕೊಂಡು ನಿಂತಿರ್ತಾಳೆ, ಮಣ್ಣಲ್ಲಿ ಹೊರಳೋಕೂ ಬರ್ತಿಲ್ಲ" ಅಂದೆ. ಪುಕ್ಕ ಉದುರೋ ಟೈಮು, ಹಾಗೇ ಇರ್ತವೆ ಅಂದ್ಬಿಟ್ಟೆ ನಾನು. ಪುಕ್ಕ ಎಲ್ಲಿ ಉದುರಿತ್ತು? ಗೂಡಿಗೆ ಬಗ್ಗಿ ನೋಡಿದ್ರೆ ತಾನೇ ಗೊತ್ತಾಗೋದು. ನೋಡಿದ್ದು ನೀನು, ನೋಡದೇ ಇದ್ದಿದ್ದು ನಾನು. ಇದೊಂದನ್ನ ಹೇಳೋಕೇ ಇಷ್ಟೆಲ್ಲಾ ಬರೀತಿರೋದು.

ಡಾಕ್ಟರ್ ಅವಳ ಹೊಟ್ಟೆ ಮುಟ್ಟಿ ನೋಡಿ ಹೇಳಿದ್ದು ನಿಂಗೆ ಕಿವಿಗೇ ಬಿದ್ದಿರಲ್ಲ, ಅಳ್ತಿದ್ದೆ. ಮೊಟ್ಟೆ ಹಳದಿ ಅಂಡಾಶಯದಿಂದ ಕಳಚ್ಕೊಂಡು ಒಂದು ನಾಳದೊಳಗೆ ಇಳೀಬೇಕಂತೆ, ಅಲ್ಲಿ ಬಿಳಿ ಸೇರಿ ಪೊರೆ ಬಂದು ಚಿಪ್ಪು ಕಟ್ಟಿ ಒಂದು ಮೊಟ್ಟೆ ಆಗೋಕೆ ಸುಮಾರು 25 ಗಂಟೆ, ಅದ್ರಲ್ಲಿ ಚಿಪ್ಪಿಗೇ 20 ಗಂಟೆ. ಒಂದೊಂದ್ಸಲ ಹಳದಿ ದಾರಿ ತಪ್ಪಿ ಹೊಟ್ಟೆಯೊಳಗೆ ಬಿದ್ದು ಅಲ್ಲೇ ಕೊಳೆತು ಸೋಂಕಾಗಿ ನೀರು ತುಂಬ್ಕೊಳ್ಳುತ್ತೆ. ಚುಕ್ಕಿಗೆ ಆಗಿದ್ದು ಅದೇ. ಕಾಡುಕೋಳಿ ವರ್ಷಕ್ಕೆ 10-15 ಮೊಟ್ಟೆ ಇಟ್ಟು ಸುಮ್ನಾಗುತ್ತೆ, ಅದೇ ವಂಶದಲ್ಲಿ ಆರಿಸಿ ಆರಿಸಿ ಬೆಳೆಸಿ ಇವುಗಳ ಹತ್ರ ನಾವು 250-300 ಇಡಿಸ್ತೀವಿ, ಆ ಅಂಗೈಯಗಲದ ಹೊಟ್ಟೆ ಎಷ್ಟು ಅಂತ ತಡ್ಕೊಳ್ಳುತ್ತೆ ಹೇಳು. ಸಾಲದ್ದಕ್ಕೆ ಕೋಳಿಗಳು ಕಾಯಿಲೆ ತೋರಿಸ್ಕೊಳ್ಳಲ್ಲ, ಸೊರಗಿದ್ದು ಕಂಡ್ರೆ ಹದ್ದು ನರಿ ಮೊದ್ಲು ಅದನ್ನೇ ಹಿಡಿಯೋದು, ಜೊತೆಯವೂ ಕುಕ್ತವೆ, ಹಾಗಾಗಿ ಕಾಳು ಹಾಕಿದಾಗ ಅವಳೂ ಎಲ್ಲರ ಜೊತೆ ನೆಲ ಕುಕ್ತಿದ್ಲು. (ನುಂಗ್ತಿರ್ಲಿಲ್ಲ ಅಂತ ಈಗ ಅನ್ಸುತ್ತೆ.) ಮುಂಚೆ ತಂದಿದ್ರೆ ಉಳೀತಿದ್ಲಾ ಅಂತ ಕೇಳ್ದೆ. ಡಾಕ್ಟರ್ ಹೌದು ಅನ್ನಲಿಲ್ಲ, ಇಲ್ಲ ಅಂತಾನೂ ಅನ್ನಲಿಲ್ಲ. ಅದು ನನ್ನ ಹತ್ರಾನೇ ಇರ್ಲಿ, ನಿಂಗೆ ಬೇಡ.

"ಒಂದು ಕೋಳಿಗೆ ಇಷ್ಟು ಅಳೋದಾ, ಇನ್ನೊಂದು ತಂದ್ರಾಯ್ತು" ಅಂದೋರ ಮಡಿಲಲ್ಲಿ ಚುಕ್ಕಿ ನಿದ್ದೆ ಮಾಡಿಲ್ಲ ಬಿಡು. ನಮ್ಮ ಹಾಗೆ ಮೇಲಿನ ರೆಪ್ಪೆ ಇಳಿಸೋದಲ್ಲ, ಕೆಳಗಿನ ರೆಪ್ಪೆ ಮೆಲ್ಲಗೆ ಮೇಲೇರಿಸಿ ಕಣ್ಣು ಮುಚ್ಚೋಳು, ನೀನೇ ನಂಗೆ ತೋರಿಸಿದ್ದು. ಗೇಟ್ ಸದ್ದಾದ್ರೆ ಸಾಕು ರೆಕ್ಕೆ ಅಗಲಿಸ್ಕೊಂಡು ಓಡಿ ಬರೋಳು. ನಾನು ಬಂದಾಗ್ಲೂ ಓಡಿ ಬಂದು, ನೀನಲ್ಲ ಅಂತ ಗೊತ್ತಾಗಿ ಅರ್ಧಕ್ಕೇ ವಾಪಸ್ ಹೋಗೋಳು, ಕೊಬ್ಬು! ಅಳು ಬಂದ್ರೆ ಅಳು ಮಗಳೇ. ಹೊಸ ಕೋಳಿ ಮಾತು ನೀನಾಗಿ ಎತ್ತೋ ತನಕ ಈ ಮನೆಯಲ್ಲಿ ಯಾರೂ ಎತ್ತಲ್ಲ.

ಹಿತ್ತಲ ಮೂಲೆಯಲ್ಲಿ ಅವಳು ಹೊರಳ್ತಿದ್ದ ಗುಂಡಿ ಪಕ್ಕ ಆಳವಾಗಿ ತೋಡಿದ್ದೀನಿ, ನಾಯಿ ಕೆದಕದ ಹಾಗೆ ಮೇಲೆ ಕಲ್ಲಿಟ್ಟಿದ್ದೀನಿ. ಉಳಿದೆರಡು ಮೊದಲ ರಾತ್ರಿ ಕೋಲಿನ ಮೇಲೆ ಮಧ್ಯ ಅವಳ ಜಾಗ ಬಿಟ್ಟೇ ಕೂತಿದ್ವು. ನಿನ್ನೆ ನೋಡಿದ್ರೆ ಒಂದಕ್ಕೊಂದು ಒತ್ಕೊಂಡಿದ್ವು.

ನಿನ್ನ ಮೊಟ್ಟೆ ಲೆಕ್ಕದ ನೋಟ್‌ಬುಕ್ ತೆಗೆದು ನೋಡ್ದೆ, ಬೈಬೇಡ. ಆ ಚಿಪ್ಪಿಲ್ಲದ ಮೊಟ್ಟೆ ದಿನ ಚುಕ್ಕಿ ಹೆಸರ ಮುಂದೆ ದೊಡ್ಡ ಪ್ರಶ್ನೆ ಗುರುತು ಹಾಕಿದ್ದೀಯ. ಇವತ್ತು ಎರಡು ಸಿಕ್ಕಿದೆ, ನಾನು ಬರ್ದಿಲ್ಲ, ನಿನ್ನ ಬುಕ್ಕು ಅದು.

ಸಂಜೆ ಗೂಡು ಮುಚ್ಚೋಕೆ ಬರ್ತೀಯಾ? ಬರ್ದಿದ್ರೂ ಪರ್ವಾಗಿಲ್ಲ, ನಾನು ಬಗ್ಗಿ ಎರಡನ್ನೂ ನೋಡೇ ಮುಚ್ತೀನಿ.

ಅಪ್ಪ